ಎರಡು ವರ್ಷ ಬಳಸಿದ ಆನ್‌ಲೈನ್ ಸಿಇಟಿ ಕೋರ್ಸ್: ಪಾಠ ಚಿನ್ನ, ಸೀಟಿನ ಸಲಹೆ ಸೊನ್ನೆ

ತಂಗಿ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಾಗ, ಸಿಇಟಿಗೆ (ಎಂಜಿನಿಯರಿಂಗ್ ಮುಂತಾದ ಸೀಟುಗಳಿಗೆ ರಾಜ್ಯದಲ್ಲಿ ನಡೆಯುವ ಪ್ರವೇಶ ಪರೀಕ್ಷೆ) ತಯಾರಿ ಮಾಡಿಸುವ ಈ ಆನ್‌ಲೈನ್ ಕೋರ್ಸ್‌ಗೆ ಸೇರಿಸಿದೆವು. ಎರಡು ವರ್ಷ ಪೂರ್ತಿ ಬಳಸಿದ್ದೇವೆ. ಈಗ ಅವಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಕಂಪನಿಯ ಹೆಸರು ಹಾಕುವುದಿಲ್ಲ. ದೇಶದ ತುಂಬಾ ಕೋರ್ಸ್ ಮಾರುತ್ತಾರೆ, ಕನ್ನಡ ಬ್ಯಾಚ್ ಕೂಡ ಇಟ್ಟಿದ್ದಾರೆ, ಅಷ್ಟು ಸಾಕು. ಎಷ್ಟು ಗಂಟೆ ವಿಡಿಯೋ, ಎಷ್ಟು ಸಾವಿರ ಪ್ರಶ್ನೆ ಅನ್ನುವುದೆಲ್ಲ ಅವರ ಜಾಹೀರಾತಿನಲ್ಲೇ ಇದೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಫೀಸನ್ನು ಎರಡು ಕಂತಿನಲ್ಲಿ ಕಟ್ಟಿದೆವು. ಎರಡೂ ಸಲ ಗೂಡು ಮಾರುಕಟ್ಟೆಯಿಂದ ಬಂದ ದುಡ್ಡು ನೇರ ಅಲ್ಲಿಗೇ ಹೋಯಿತು. ಪಿಯುಸಿ ಜೊತೆಗೇ ಕೋಚಿಂಗ್ ಕೊಡುವ ಬೆಂಗಳೂರಿನ ಇಂಟಿಗ್ರೇಟೆಡ್ ಕಾಲೇಜು, ಹಾಸ್ಟೆಲ್ ಅಂತ ಹೋದರೆ ಲಕ್ಷಗಳ ಮಾತು. ಅದು ನಮ್ಮ ಕೈಲಾಗದ್ದು. ಹಾಗಾಗಿ ತಂಗಿ ಇಲ್ಲೇ ಸರ್ಕಾರಿ ಪಿಯು ಕಾಲೇಜಿಗೆ ಸೇರಿ, ಜೊತೆಗೆ ಈ ಕೋರ್ಸ್ ಅಂತ ತೀರ್ಮಾನ ಆಯಿತು. ನನ್ನ ಅಭಿಪ್ರಾಯವನ್ನು ಈ ಲೆಕ್ಕ ಇಟ್ಟುಕೊಂಡೇ ಓದಿ. ದುಡ್ಡಿಗೆ ತೊಂದರೆ ಇಲ್ಲದ ಮನೆಯವರಿಗೆ ನಾನು ಹೇಳುವ ಕೊರತೆ ಅಷ್ಟು ದೊಡ್ಡದಾಗಿ ಕಾಣದೇ ಇರಬಹುದು.

ಪಾಠದ ವಿಷಯದಲ್ಲಿ ನನಗೆ ತುಂಬಾ ಸಂತೋಷವಿದೆ. ತಂಗಿ ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್ ಅಂದ ಕೂಡಲೇ ಎಲ್ಲವೂ ಇಂಗ್ಲಿಷ್. ಮೊದಲ ತಿಂಗಳುಗಳಲ್ಲಿ ಫಿಸಿಕ್ಸ್ ಪುಸ್ತಕ ತೆರೆದರೆ ಅವಳ ಮುಖ ಸಣ್ಣದಾಗುತ್ತಿತ್ತು. ಕನ್ನಡ ಬ್ಯಾಚಿನ ಮೇಷ್ಟ್ರು ಒಂದು ಕ್ರಮ ಇಟ್ಟುಕೊಂಡಿದ್ದರು. ಮೊದಲು ಕನ್ನಡದಲ್ಲಿ ನಿಧಾನವಾಗಿ ವಿಷಯ ಹೇಳುವುದು. ಆಮೇಲೆ ಬೋರ್ಡಿನಲ್ಲಿ ಲೆಕ್ಕ. ಕೊನೆಗೆ ಪರೀಕ್ಷೆಯಲ್ಲಿ ಹೇಗೆ ಬರೆಯಬೇಕೋ ಆ ಇಂಗ್ಲಿಷ್ ವಾಕ್ಯವನ್ನು ಎರಡು ಸಲ ಹೇಳಿ ಬರೆಸುವುದು. ಅವಳಿಗೆ ಬೇಕಾಗಿದ್ದೂ ಅದೇ. ಫಸ್ಟ್ ಪಿಯು ಮುಗಿಯುವ ಹೊತ್ತಿಗೆ ಪುಸ್ತಕವನ್ನು ತಾನೇ ಓದಿಕೊಳ್ಳುತ್ತಿದ್ದಳು.

ಡೌನ್‌ಲೋಡ್ ಸೌಲಭ್ಯಕ್ಕೆ ಇನ್ನೊಂದು ನಮಸ್ಕಾರ. ನಮ್ಮೂರಲ್ಲಿ ಹಗಲು ನೆಟ್ ಎಳೆಯುವುದಿಲ್ಲ. ರಾತ್ರಿ ಹತ್ತರ ಮೇಲೆ ಪರವಾಗಿಲ್ಲ. ಆಗ ಮರುದಿನದ ಪಾಠಗಳನ್ನು ಡೌನ್‌ಲೋಡ್‌ಗೆ ಹಾಕಿ, ಫೋನ್ ಚಾರ್ಜಿಗಿಟ್ಟು ಮಲಗುವುದು. ಬೆಳಗ್ಗೆ ಐದಕ್ಕೆ ಅಪ್ಪ ಸೊಪ್ಪು ಕೊಯ್ಯಲು ಹೊರಟರೆ ಇವಳು ಹುಳದ ಮನೆಯ ಜಗಲಿಯಲ್ಲಿ ಕೂರುತ್ತಿದ್ದಳು. ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ, ಒಂದು ಕಿವಿಗೆ ಮಾತ್ರ ಇಯರ್‌ಫೋನ್. ಇನ್ನೊಂದು ಕಿವಿ ಅಮ್ಮನ ಕೂಗಿಗೆ. ಹುಳ ನಾಲ್ಕನೇ ಜ್ವರ (ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಸೊಪ್ಪು ಹಾಕಿ ಮುಗಿಯುವುದೇ ಇಲ್ಲ, ಮನೆಯವರೆಲ್ಲ ಕೈ ಹಾಕಬೇಕು. ಆ ವಾರ ಪಾಠ ನಿಲ್ಲಿಸಿ, ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಬಿಟ್ಟ ಜಾಗದಿಂದಲೇ ಶುರು ಮಾಡುತ್ತಿದ್ದಳು. ಹೊತ್ತಿಗೆ ಸರಿಯಾಗಿ ಹಾಜರಾಗಬೇಕಾದ ಟ್ಯೂಷನ್ನಿನಲ್ಲಿ ಇದು ಆಗುತ್ತಿರಲಿಲ್ಲ ಅಲ್ವಾ?

ಎಲ್ಲಕ್ಕಿಂತ ಇಷ್ಟವಾಗಿದ್ದು ಪುಸ್ತಕಗಳ ಜೊತೆ ಬಂದ ಓಎಂಆರ್ ಹಾಳೆಗಳ, ಅಂದರೆ ಉತ್ತರದ ಗುಂಡಿಯನ್ನು ಪೆನ್ನಿನಿಂದ ತುಂಬುವ ಹಾಳೆಗಳ ಪ್ಯಾಡ್. ನೋಡಿದಾಗ ಇದೇನು ದೊಡ್ಡ ವಿಷಯ ಅನಿಸಿತ್ತು. ಸೆಕೆಂಡ್ ಪಿಯುನಲ್ಲಿ ನಮ್ಮ ಮನೆಯ ಭಾನುವಾರಗಳೆಲ್ಲ ಅದರ ಸುತ್ತಲೇ ನಡೆದವು. ಸಿಇಟಿಯಲ್ಲಿ ಒಂದು ಪತ್ರಿಕೆಗೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡ್, ಗುಂಡಿ ತುಂಬುವುದೂ ಅದರಲ್ಲೇ ಆಗಬೇಕು. ದಿನಕ್ಕೆ ಎರಡು ಪತ್ರಿಕೆ, ಬೆಳಗ್ಗೆ 10.30ಕ್ಕೆ ಒಂದು, ಮಧ್ಯಾಹ್ನ 2.30ಕ್ಕೆ ಒಂದು. ತಂಗಿ ಅದೇ ಹೊತ್ತಿಗೆ ಕೂರುತ್ತಿದ್ದಳು. ನಾನು ಫೋನಿನಲ್ಲಿ ಟೈಮ್ ಇಡುತ್ತಿದ್ದೆ. ಟಿವಿ ಬಂದ್. ಅಪ್ಪ ಕೂಡ ಹೊರಗೆ ಯಾರಾದರೂ ಜೋರಾಗಿ ಮಾತಾಡಿದರೆ "ಪಾಪ ಪರೀಕ್ಷೆ ಬರೀತಾ ಇದೆ" ಅಂತ ಸುಮ್ಮನಾಗಿಸುತ್ತಿದ್ದರು. ಗಂಟೆ ಮುಗಿದ ಮೇಲೆ ನಾನು ಉತ್ತರ ಓದುವುದು, ಅವಳು ಕೆಂಪು ಪೆನ್ನಿನಲ್ಲಿ ಗುರುತು ಹಾಕುವುದು. ತಪ್ಪಾದ ಪ್ರಶ್ನೆಗಳಿಗೆ ಒಂದು ದಪ್ಪ ನೋಟ್‌ಬುಕ್ ಬೇರೆ. ಪ್ಯಾಡ್ ಮುಗಿದ ಮೇಲೆ ಶಿಡ್ಲಘಟ್ಟ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅದೇ ಹಾಳೆಯ ಪ್ರತಿ ತೆಗೆಸಿಕೊಂಡೆವು. ಸಿಇಟಿ ದಿನ ಅವಳ ಕೈ ನಡುಗಲಿಲ್ಲ. ಅದಕ್ಕೆ ಈ ಹಾಳೆಗಳೇ ಕಾರಣ ಅಂತ ನಾನು ನಂಬಿದ್ದೇನೆ.

ಇಲ್ಲಿಯವರೆಗೆ ಐದಕ್ಕೆ ಐದು ಕೊಡುತ್ತಿದ್ದೆ. ಆದರೆ ಈ ಕೋರ್ಸಿಗೆ ಕರ್ನಾಟಕ ಗೊತ್ತಿಲ್ಲ. ಅದು ಮೊದಲು ಕಂಡಿದ್ದು ಆ್ಯಪ್‌ನೊಳಗಿನ ಟೆಸ್ಟ್‌ಗಳಲ್ಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಿದ್ದವು. ನೀಟ್‌ನಲ್ಲಿ ಹಾಗೆ ಕಳೆಯುತ್ತಾರೆ, ಸರಿ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕ್ ಇಲ್ಲವೇ ಇಲ್ಲ. ಅಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಆ್ಯಪ್ ನೋಡಿ ನೋಡಿ ತಂಗಿಗೆ ಅನುಮಾನ ಬಂದ ಪ್ರಶ್ನೆ ಬಿಟ್ಟುಬಿಡುವ ಅಭ್ಯಾಸ ಆಗಿಹೋಗಿತ್ತು. ಅದನ್ನು ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್ ಗಮನಿಸಿ ಬಿಡಿಸಿದರು. ಸಿಲಬಸ್‌ನದೂ ಇದೇ ಕಥೆ. ಪಿಯು ಪುಸ್ತಕದಿಂದ ತೆಗೆದುಹಾಕಿದ ಅಧ್ಯಾಯಗಳು ಇವರ ಟೆಸ್ಟಿನಲ್ಲಿ ಹಾಗೇ ಉಳಿದಿದ್ದವು. 2024ರ ಸಿಇಟಿಯಲ್ಲಿ ಸಿಲಬಸ್ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಕೈಬಿಟ್ಟೇ ರ‍್ಯಾಂಕ್ ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಅಷ್ಟಾದ ಮೇಲಾದರೂ ಇವರು ಸರಿ ಮಾಡಬೇಕಿತ್ತು.

ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಗಳು ಅರ್ಧ. ಬೋರ್ಡ್ ಪರೀಕ್ಷೆಗೆ ಉತ್ತರ ಬರೆಯುವುದನ್ನು ಈ ಕೋರ್ಸ್ ಹೆಚ್ಚು ಕಡಿಮೆ ಮುಟ್ಟುವುದೇ ಇಲ್ಲ. ಅದು ಕಾಲೇಜಿನಲ್ಲೇ ಆಯಿತು. ಹೋಗಲಿ, ಇದನ್ನೆಲ್ಲ ನಾನು ತಡೆದುಕೊಳ್ಳುತ್ತೇನೆ.

ತಡೆದುಕೊಳ್ಳಲು ಆಗದೇ ಇದ್ದದ್ದು ಕೌನ್ಸೆಲಿಂಗ್, ಅಂದರೆ ಅರ್ಜಿ ಮತ್ತು ಸೀಟಿನ ಬಗ್ಗೆ ಅವರು ಕೊಡುವ ಸಲಹೆ. ಪ್ಯಾಕೇಜ್ ಮಾರುವಾಗ "ಸೀಟ್ ಸಿಗುವ ತನಕ ಜೊತೆಗಿರುತ್ತೇವೆ" ಅಂದಿದ್ದರು. ಇಲ್ಲೇ ಕಟ್ಟಿದ ದುಡ್ಡು ವ್ಯರ್ಥ ಆಯಿತು ಅನಿಸಿದ್ದು.

ನಮ್ಮಂಥ ಮನೆಯ ಮಕ್ಕಳಿಗೆ ಓದು ಎಷ್ಟು ಮುಖ್ಯವೋ ಕಾಗದಪತ್ರವೂ ಅಷ್ಟೇ ಮುಖ್ಯ. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ, 15 ಪರ್ಸೆಂಟ್. ಹತ್ತೂ ವರ್ಷ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ 5 ಪರ್ಸೆಂಟ್. ತಂಗಿಗೆ ಎರಡೂ ಅನ್ವಯಿಸುತ್ತವೆ. ಅದಕ್ಕೆ ಶಾಲೆಯ ಹೆಡ್‌ಮಾಸ್ಟರ್ ಕೊಟ್ಟ ವ್ಯಾಸಂಗ ಪ್ರಮಾಣಪತ್ರ ಬೇಕು, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಅವಳು ಏಳರವರೆಗೆ ಊರಲ್ಲಿ, ಆಮೇಲೆ ಹೋಬಳಿ ಹೈಸ್ಕೂಲಿನಲ್ಲಿ ಓದಿದ್ದರಿಂದ ಎರಡು ಶಾಲೆಯದೂ ಬೇಕಾಯಿತು. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ. ಅದರ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ತುಂಬಬೇಕು, ಹೆಸರು ತಾಳೆಯಾಗಬೇಕು.

ಫೋನಿನಲ್ಲಿ ಸಿಕ್ಕ ಕೌನ್ಸೆಲರ್‌ಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಒಬಿಸಿ ಸರ್ಟಿಫಿಕೇಟ್ ಮಾಡಿಸಿ ಅಂದರು. ಅವರು ಹೇಳಿದ್ದು ಕೇಂದ್ರದ ನಮೂನೆ. ನಮಗೆ ಬೇಕಾಗಿದ್ದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 2ಎ ಪ್ರಮಾಣಪತ್ರ. ಗ್ರಾಮೀಣ ಮೀಸಲಾತಿ ಬಗ್ಗೆ ಕೇಳಿದರೆ "ಅದು ಆಟೋಮ್ಯಾಟಿಕ್ ಬರುತ್ತೆ" ಅಂದರು. ಆ ಮಾತು ನಂಬಿ ಅರ್ಜಿಯಲ್ಲಿ ಕ್ಲೇಮ್ ಮಾಡದೇ ಬಿಟ್ಟ ಮಗುವಿನ ಗತಿ ಏನು? ನನಗೆ ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಉಚಿತವಾಗಿ ಸಿಗುತ್ತದೆ. ದುಡ್ಡು ತೆಗೆದುಕೊಂಡು ಸಲಹೆ ಕೊಡುವವರು ಅದನ್ನು ಒಂದು ಸಲ ಓದಿರಬೇಕು ತಾನೇ?

ರ‍್ಯಾಂಕ್ ಬಂದ ಮೇಲೆ ಇನ್ನೂ ಕೆಟ್ಟದಾಯಿತು. ಅವರು ಒಂದು ಕಾಲೇಜು ಪಟ್ಟಿ ಕಳಿಸಿದರು. ಎಲ್ಲವೂ ಖಾಸಗಿ. ಸರ್ಕಾರಿ ಕಾಲೇಜು ಒಂದೂ ಇಲ್ಲ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಕೂಡ ಇಲ್ಲ. ತಂಗಿ ಕೇಳಿದ ಕಾಲೇಜುಗಳಿಗೆ "ಈ ರ‍್ಯಾಂಕಿಗೆ ಸಾಧ್ಯವೇ ಇಲ್ಲ" ಅಂದರು. ಅವಳು ಫೋನ್ ಇಟ್ಟು ಅತ್ತಳು.

ಅವರು ನೋಡಿದ್ದು ಜಿಎಂ (ಜನರಲ್ ಮೆರಿಟ್, ಅಂದರೆ ಮೀಸಲಾತಿ ಇಲ್ಲದ ಸೀಟು) ಕಾಲಂ ಒಂದನ್ನೇ. ಪ್ರಾಧಿಕಾರ ಹಾಕುವ ಹಿಂದಿನ ವರ್ಷದ ಕಟಾಫ್ ಪಟ್ಟಿಯಲ್ಲಿ ಪ್ರತಿ ವರ್ಗಕ್ಕೂ ಮೂರು ಕಾಲಂ ಇರುತ್ತವೆ. ನಮ್ಮದಾದರೆ 2ಎಜಿ, 2ಎಕೆ, 2ಎಆರ್. ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ಜಿಎಂಗೂ 2ಎಆರ್‌ಗೂ ಒಂದೇ ಕಾಲೇಜಿನಲ್ಲಿ ಸಾವಿರಗಟ್ಟಲೆ ರ‍್ಯಾಂಕ್ ವ್ಯತ್ಯಾಸ ಇರುತ್ತದೆ. ನಾವಿಬ್ಬರೂ ಆ ಪಟ್ಟಿ ಇಳಿಸಿಕೊಂಡು, ಹಳೆ ಕ್ಯಾಲೆಂಡರ್ ಹಾಳೆಗಳ ಹಿಂದೆ ಕಾಲೇಜು, ಬ್ರಾಂಚು, ಮೂರೂ ಕಾಲಂನ ರ‍್ಯಾಂಕು ಬರೆದೆವು. ಆಪ್ಷನ್, ಅಂದರೆ ನಮಗೆ ಬೇಕಾದ ಕಾಲೇಜು ಮತ್ತು ಬ್ರಾಂಚು, ಎಷ್ಟು ಬೇಕಾದರೂ ಹಾಕಬಹುದು, ಮಿತಿ ಇಲ್ಲ. ಆದರೆ ಕ್ರಮ ಬಹಳ ಮುಖ್ಯ. ನಿಜವಾಗಿ ಯಾವುದು ಬೇಕೋ ಅದು ಮೇಲೆ. ಕೌನ್ಸೆಲರ್ ಬರೀ ಹದಿನೈದು ಸಾಕು ಅಂದಿದ್ದರು. ಅಣಕು ಸೀಟು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಕೊಡುತ್ತಾರೆ. ಆಗ ಇನ್ನೊಂದಿಷ್ಟು ಸೇರಿಸಿದೆವು.

ಮೊದಲ ಸುತ್ತಿನಲ್ಲಿ ಸೀಟು ಬಂದಾಗ ಅವರಿಗೆ ಇನ್ನೊಮ್ಮೆ ಫೋನ್ ಮಾಡಿದೆ. ಫ್ರೀಜ್, ಫ್ಲೋಟ್, ಸ್ಲೈಡ್ ಅಂತ ಶುರು ಮಾಡಿದರು. ಅದು ಐಐಟಿ, ಎನ್‌ಐಟಿಗಳ ಪದ್ಧತಿ. ಇಲ್ಲಿರುವುದು ಚಾಯ್ಸ್ ಒಂದರಿಂದ ನಾಲ್ಕು. ಒಂದು ಅಂದರೆ ಒಪ್ಪಿ ಸೇರುವುದು. ಎರಡು ಅಂದರೆ ಸಿಕ್ಕಿದ್ದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರು ಅಂದರೆ ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು ಅಂದರೆ ಪೂರ್ತಿ ಹೊರಗೆ. ತಪ್ಪು ಒತ್ತಿದರೆ ಕೈಯಲ್ಲಿದ್ದ ಸೀಟೇ ಹೋಗುತ್ತದೆ. ಇಷ್ಟು ದೊಡ್ಡ ತೀರ್ಮಾನಕ್ಕೆ ಬೇರೆ ಪರೀಕ್ಷೆಯ ಸಲಹೆ ಕೊಡುವುದು ಅನ್ಯಾಯ.

ಅದೇ ಕಂಪನಿಯ ಡೌಟ್ ವಿಭಾಗದಲ್ಲಿ ಗಣಿತದ ಮೇಡಂ ಒಬ್ಬರು ಇದ್ದರು. ಅವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಕೋರ್ಸ್ ಮುಗಿದಿತ್ತು, ಇದು ಅವರ ಕೆಲಸವೂ ಅಲ್ಲ. ತಂಗಿ ಮೆಸೇಜ್ ಹಾಕಿದ್ದಕ್ಕೆ ಸಂಜೆ ತಾವೇ ಫೋನ್ ಮಾಡಿದರು. "ಚಾಯ್ಸ್ ಎರಡು ಒತ್ತು ಮಗು, ಹೆದರಬೇಡ. ಆದಾಯ ಎಂಟು ಲಕ್ಷದ ಒಳಗಿದೆ ಅಲ್ವಾ, ಎಸ್‌ಎನ್‌ಕ್ಯೂ ಕೇಳಿದ್ದೀಯಾ?" ಅಂದರು. ಎಸ್‌ಎನ್‌ಕ್ಯೂ ಅಂದರೆ ಕಡಿಮೆ ಆದಾಯದ ಮನೆಯವರಿಗೆ ಇಡುವ ಹೆಚ್ಚುವರಿ ಸೀಟು, ಅದರಲ್ಲಿ ಬೋಧನಾ ಶುಲ್ಕ ಮನ್ನಾ ಆಗುತ್ತದೆ. ಎರಡು ವರ್ಷದಲ್ಲಿ ಕೌನ್ಸೆಲಿಂಗ್‌ನವರು ಅದರ ಹೆಸರೂ ಎತ್ತಿರಲಿಲ್ಲ. ತಂಗಿಗೆ ಎಸ್‌ಎನ್‌ಕ್ಯೂ ಸಿಗಲಿಲ್ಲ. ಆದರೆ ಎರಡನೇ ಸುತ್ತಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು, ಸರ್ಕಾರಿ ಸೀಟು. ಕೌನ್ಸೆಲರ್ "ಸಾಧ್ಯವೇ ಇಲ್ಲ" ಅಂದ ಕಾಲೇಜುಗಳಲ್ಲಿ ಒಂದು. ಹಂಚಿಕೆ ಪತ್ರದಲ್ಲಿ ವರ್ಗದ ಜಾಗದಲ್ಲಿ 2ಎಆರ್ ಅಂತಿತ್ತು.

ಹಾಗಾದರೆ ತೆಗೆದುಕೊಳ್ಳಬೇಕಾ? ಮಗು ಕನ್ನಡ ಮೀಡಿಯಂನಿಂದ ಬಂದಿದ್ದರೆ, ಊರಲ್ಲಿ ಒಳ್ಳೆ ಟ್ಯೂಷನ್ ಇಲ್ಲದಿದ್ದರೆ, ಪಾಠಕ್ಕಾಗಿ ಖಂಡಿತ ತೆಗೆದುಕೊಳ್ಳಿ. ಕೌನ್ಸೆಲಿಂಗ್ ಸೇರಿಸಿದ ದೊಡ್ಡ ಪ್ಯಾಕೇಜ್ ಬೇಡ. ಬರೀ ಪಾಠ, ಪುಸ್ತಕ, ಟೆಸ್ಟ್ ಇರುವ ಚಿಕ್ಕದು ಸಾಕು. ಬಾಗೇಪಲ್ಲಿಯಿಂದ ನಮ್ಮ ಸೋದರತ್ತೆ ಮಗನಿಗೆ ಅಂತ ಕೇಳಿದಾಗ ನಾನು ಇದನ್ನೇ ಹೇಳಿದೆ. ಅವನು ಈಗ ಫಸ್ಟ್ ಪಿಯು. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಈಗಲೇ ಹಾಕಿಸಿಡು ಅಂದಿದ್ದೇನೆ, ಅರ್ಜಿ ಸಮಯದಲ್ಲಿ ಆ ಆಫೀಸಿನ ಮುಂದೆ ನಿಲ್ಲಲು ಜಾಗ ಇರುವುದಿಲ್ಲ. ನಮ್ಮ ಓಎಂಆರ್ ಜೆರಾಕ್ಸ್‌ಗಳಲ್ಲಿ ಉಳಿದಿದ್ದನ್ನೂ ತಂಗಿಯ ತಪ್ಪು ಪ್ರಶ್ನೆಗಳ ನೋಟ್‌ಬುಕ್ಕನ್ನೂ ಅವನಿಗೇ ಕಳಿಸಿದ್ದೇವೆ.