ಆನ್‌ದಮ್ಯಾಪ್: ನ್ಯೂಯಾರ್ಕಿನ ದುಡಿಮೆಗಾರರ ನಕ್ಷೆಯನ್ನು ಎಷ್ಟು ನಂಬಬಹುದು?

ನ್ಯೂಯಾರ್ಕಿನಲ್ಲಿ ಯಾರು ಎಲ್ಲಿ ವಾಸವಿದ್ದು ಎಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ ಅನ್ನುವುದನ್ನು ತೋರಿಸುವ ಸಾಧನಗಳಲ್ಲಿ ಅಮೆರಿಕದ ಜನಗಣತಿ ಸಂಸ್ಥೆಯಾದ ಸೆನ್ಸಸ್ ಬ್ಯೂರೋದ ಆನ್‌ಲೈನ್ ನಕ್ಷೆ ಆನ್‌ದಮ್ಯಾಪ್‌ಗೆ ಸಾಟಿಯಿಲ್ಲ. ಹಣ ಕೊಡಬೇಕಿಲ್ಲ, ಲಾಗಿನ್ ಬೇಡ, 2002ರಿಂದೀಚೆಗಿನ ಅಂಕಿಗಳು ಸಿಗುತ್ತವೆ. ಆದರೆ ಅದು ಯಾರನ್ನು ಎಣಿಸುವುದಿಲ್ಲ ಅನ್ನುವುದು ಗೊತ್ತಿಲ್ಲದೆ ಬಳಸಿದರೆ ಈ ನಗರದ ಬಗ್ಗೆ ತಪ್ಪು ಚಿತ್ರ ಸಿಗುತ್ತದೆ.

ಮೊದಲ ಎಡವಟ್ಟು ಹುಡುಕುವಾಗಲೇ ಆಗುತ್ತದೆ. ಕೌಂಟಿಗಳ (ಜಿಲ್ಲೆಗಳಂಥ ವಿಭಾಗಗಳ) ಪಟ್ಟಿಯಲ್ಲಿ ‘ನ್ಯೂಯಾರ್ಕ್’ ಆರಿಸಿದರೆ ಬರುವುದು ನಗರದ ಒಂದು ಭಾಗವಾದ ಮ್ಯಾನ್‌ಹ್ಯಾಟನ್ ಮಾತ್ರ. ಬ್ರೂಕ್ಲಿನ್ ಬೇಕಿದ್ದರೆ ‘ಕಿಂಗ್ಸ್’, ಸ್ಟೇಟನ್ ಐಲೆಂಡ್ ಬೇಕಿದ್ದರೆ ‘ರಿಚ್ಮಂಡ್’. ಇಡೀ ನಗರ ಬೇಕಿದ್ದರೆ ಊರುಗಳ ಪಟ್ಟಿಗೆ ಹೋಗಬೇಕು. ಆಮೇಲೆ ‘ಹೋಮ್’ ಅಥವಾ ‘ವರ್ಕ್’ ಆರಿಸಬೇಕು: ಕ್ವೀನ್ಸ್‌ನಲ್ಲಿ ವಾಸವಿರುವ ದುಡಿಮೆಗಾರರು ಬೇರೆ, ಕ್ವೀನ್ಸ್‌ಗೆ ಕೆಲಸಕ್ಕೆ ಬರುವವರು ಬೇರೆ. ‘ಆಲ್ ಜಾಬ್ಸ್’ ಒತ್ತಿದರೆ ಎರಡು ಕಡೆ ದುಡಿಯುವವರು ಎರಡು ಸಲ ಎಣಿಕೆಯಾಗುತ್ತಾರೆ. ಜನರ ಲೆಕ್ಕ ಬೇಕಿದ್ದವರು ‘ಪ್ರೈಮರಿ ಜಾಬ್ಸ್’ ಆರಿಸಲಿ. ಅದು ಪ್ರತಿಯೊಬ್ಬರ ಅತಿ ಹೆಚ್ಚು ಸಂಬಳದ ಕೆಲಸವನ್ನಷ್ಟೇ ಹಿಡಿಯುತ್ತದೆ.

ನಿಜವಾದ ಕೊರತೆ ಮೂಲ ದಾಖಲೆಯಲ್ಲಿದೆ. ಈ ಅಂಕಿಗಳು ಬಹುಪಾಲು ಬರುವುದು ನಿರುದ್ಯೋಗ ವಿಮೆಗಾಗಿ ಮಾಲೀಕರು ಸಲ್ಲಿಸುವ ಸಂಬಳ ಪಟ್ಟಿಯಿಂದ. ಸ್ವಂತ ದುಡಿಮೆಯ ಟ್ಯಾಕ್ಸಿ ಚಾಲಕ, ತಳ್ಳುಗಾಡಿಯಲ್ಲಿ ಊಟ ಮಾರುವವ, ನಗದು ಕೂಲಿಗೆ ಮನೆ ಒರೆಸುವಾಕೆ ಈ ನಕ್ಷೆಯಲ್ಲಿ ಇಲ್ಲವೇ ಇಲ್ಲ. ವಲಸೆ ಬಂದವರ ದುಡಿಮೆಯ ಮೇಲೆ ಇಷ್ಟೊಂದು ನಿಂತಿರುವ ನಗರಕ್ಕೆ ಇದು ಸಣ್ಣ ಲೋಪವಲ್ಲ. ಎಣಿಕೆಗೆ ಸಿಗುವವರೂ ಸರಿಯಾದ ಜಾಗದಲ್ಲಿ ಕಾಣಬೇಕೆಂದಿಲ್ಲ, ಯಾಕೆಂದರೆ ಕೆಲಸದ ಜಾಗವೆಂದು ಹಿಡಿಯುವುದು ಮಾಲೀಕರು ಕೊಟ್ಟ ವಿಳಾಸವನ್ನು. ಬ್ರಾಂಕ್ಸ್‌ನ ಮನೆಯೊಂದರಲ್ಲಿ ವೃದ್ಧರನ್ನು ನೋಡಿಕೊಳ್ಳುವಾಕೆ ಏಜೆನ್ಸಿಯ ಆಫೀಸಿದ್ದ ಕಡೆ ಚುಕ್ಕೆಯಾಗುತ್ತಾಳೆ. ಮ್ಯಾನ್‌ಹ್ಯಾಟನ್ನಿನ ಬ್ಯಾಂಕಿನಲ್ಲಿ ಕೂತು ಕೋಡ್ ಬರೆಯುವ ನಮ್ಮ ಹುಡುಗರು, ಅವರ ಕನ್ಸಲ್ಟಿಂಗ್ ಕಂಪನಿ ಪಕ್ಕದ ರಾಜ್ಯದ ಎಡಿಸನ್ ಊರಿನ ವಿಳಾಸ ಕೊಟ್ಟಿದ್ದರೆ, ನ್ಯೂಜೆರ್ಸಿಯ ಲೆಕ್ಕಕ್ಕೆ ಸೇರುತ್ತಾರೆ.

ಸಂಬಳದ ವರ್ಗಗಳು ಈ ಊರಿಗೆ ಉಪಯೋಗಕ್ಕೇ ಬರುವುದಿಲ್ಲ. ತಿಂಗಳಿಗೆ 1,250 ಡಾಲರ್‌ವರೆಗೆ, ಅಲ್ಲಿಂದ 3,333ರವರೆಗೆ, ಅದಕ್ಕೂ ಮೇಲೆ, ಹೀಗೆ ಮೂರೇ. 2025ರ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್, ವಾರಕ್ಕೆ 40 ಗಂಟೆ ದುಡಿದರೂ ತಿಂಗಳಿಗೆ ಸುಮಾರು 2,860, ಅಂದರೆ ನಡುವಿನ ವರ್ಗ. ಬಸ್ ಚಾಲಕರೂ ವಾಲ್ ಸ್ಟ್ರೀಟಿನ ಬ್ಯಾಂಕರೂ ಒಟ್ಟಿಗೆ ಮೇಲಿನ ವರ್ಗದಲ್ಲಿ ಕೂರುತ್ತಾರೆ. ದೂರವನ್ನೂ ನೇರ ಗೆರೆಯಲ್ಲಿ ಅಳೆಯುತ್ತದೆ: ಸ್ಟೇಟನ್ ಐಲೆಂಡಿನ ಸೇಂಟ್ ಜಾರ್ಜ್‌ನಿಂದ ಮ್ಯಾನ್‌ಹ್ಯಾಟನ್ನಿನ ತುದಿಗೆ ಐದೇ ಮೈಲಿ, ಆದರೆ ಫೆರಿಯಲ್ಲೇ 25 ನಿಮಿಷ ಹೋಗುತ್ತದೆ.

ಇಷ್ಟಾದರೂ ‘ಇನ್‌ಫ್ಲೋ-ಔಟ್‌ಫ್ಲೋ’ ವಿಶ್ಲೇಷಣೆಗಾಗಿಯೇ ಇದನ್ನು ಬಳಸಬೇಕು. ಒಂದು ಪ್ರದೇಶಕ್ಕೆ ಎಷ್ಟು ಜನ ಕೆಲಸಕ್ಕೆ ಬರುತ್ತಾರೆ, ಎಷ್ಟು ಜನ ಹೊರಗೆ ಹೋಗುತ್ತಾರೆ, ಎಷ್ಟು ಜನ ಅಲ್ಲೇ ದುಡಿಯುತ್ತಾರೆ ಎಂಬ ಮೂರೂ ಅಂಕಿ ಒಂದೇ ಚಿತ್ರದಲ್ಲಿ ಸಿಗುತ್ತವೆ. ಬಸ್ ಮಾರ್ಗವನ್ನೋ ಶಿಶುಪಾಲನಾ ಕೇಂದ್ರವನ್ನೋ ಯೋಜಿಸುವವರಿಗೆ ಇದು ಚಿನ್ನದಂಥ ಮಾಹಿತಿ. ಆದರೆ ಒಂದೇ ಬ್ಲಾಕಿನ (ನಕ್ಷೆಯ ಅತಿ ಸಣ್ಣ ತುಂಡಿನ) ಅಂಕಿಯನ್ನು ನೆಚ್ಚಬೇಡಿ, ಜನರ ಗುರುತು ಗುಟ್ಟಾಗಿಡಲು ಅಂಕಿಗಳನ್ನು ಬೇಕೆಂದೇ ಕೊಂಚ ಕದಲಿಸಿರುತ್ತಾರೆ. ಹತ್ತಾರು ಬ್ಲಾಕುಗಳನ್ನು ಕೂಡಿಸಿ ಆರಿಸಿ.

ಭಾಷೆಯ, ಹುಟ್ಟಿದ ದೇಶದ ವಿವರ ಇಲ್ಲಿಲ್ಲ; ಕ್ವೀನ್ಸ್‌ನ ಫ್ಲಶಿಂಗ್ ಬಡಾವಣೆಯ ಚೀನೀಯರೂ ಅಲ್ಲಿನದೇ ಜಮೈಕಾ ಬಡಾವಣೆಯ ಬಾಂಗ್ಲಾದೇಶೀಯರೂ ‘ಏಷ್ಯನ್’ ಎಂಬ ಒಂದೇ ಸಾಲಿನಲ್ಲಿ. ಅದಕ್ಕೆ ಬ್ಯೂರೋ ನಡೆಸುವ ಸಮೀಕ್ಷೆ, ಅಮೆರಿಕನ್ ಕಮ್ಯುನಿಟಿ ಸರ್ವೆಯನ್ನು ತೆರೆಯಬೇಕು. ಅದರ ಭಾಷಾ ಕೋಷ್ಟಕದಲ್ಲಿ ತೆಲುಗಿಗೆ, ತಮಿಳಿಗೆ ಸ್ವಂತ ಸಾಲುಗಳಿವೆ. ಕನ್ನಡವನ್ನು ಮಲಯಾಳ ಮತ್ತು ಉಳಿದ ದ್ರಾವಿಡ ಭಾಷೆಗಳ ಜೊತೆ ಕೂಡಿಸಿಟ್ಟಿದ್ದಾರೆ, ಹಾಗಾಗಿ ನ್ಯೂಯಾರ್ಕಿನ ಕನ್ನಡಿಗರ ಸಂಖ್ಯೆಯನ್ನು ಆ ಕೋಷ್ಟಕದಿಂದ ಬೇರ್ಪಡಿಸಲಾಗದು.