ಬಲಕ್ಕೆ ಪಿಂಗಾಣಿ, ಎಡಕ್ಕೆ ಕಾಂಪೋಸಿಟ್

ನಾನು ಕೌಂಟರಿನಲ್ಲಿ ಕೂತು ನೋಟು ಎಣಿಸುವ ಸೊಸೈಟಿಯಲ್ಲಿ ಹೊಸ ಗುರುತಿನ ಚೀಟಿಗೆ ಫೋಟೊ ತೆಗೆಯಲು ಬಂದ ಹುಡುಗ "ಅಕ್ಕ, ಸ್ವಲ್ಪ ಹಲ್ಲು ಕಾಣುವ ಹಾಗೆ ನಗಿ" ಎಂದ. ನಕ್ಕೆ. ಕ್ಯಾಮೆರಾದಿಂದ ಮುಖ ಎತ್ತಿ ಒಮ್ಮೆ ನೋಡಿ, "ಬೇಡ ಅಕ್ಕ, ಮೊದಲಿನ ಹಾಗೆಯೇ ಇರಲಿ" ಎಂದ. ಪಾಪ, ಅವನದೇನೂ ತಪ್ಪಿಲ್ಲ. ನಾಲ್ಕನೆಯ ತರಗತಿಯಲ್ಲಿದ್ದಾಗ ಮಳೆಗಾಲದ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಮುರಕಲ್ಲಿನ ಮೆಟ್ಟಿಲಿಗೆ ಬಾಯಿ ಬಡಿದುಕೊಂಡವಳು ನಾನು. ಮೇಲಿನ ಎರಡು ಬಾಚಿಹಲ್ಲುಗಳಲ್ಲಿ ಬಲಗಡೆಯದು ಮೂರನೆಯ ಒಂದು ಭಾಗ ಹೋಯಿತು, ಎಡಗಡೆಯದು ಮೂಲೆಯಲ್ಲಿ ಚೂರು ಮಾತ್ರ. ಅದರ ಮೇಲೆ ಮೂವತ್ತು ವರ್ಷದ ಕಾಫಿಯ ಹಳದಿ.

ಉಡುಪಿಯಲ್ಲಿದ್ದು ಹಲ್ಲಿನ ವೈದ್ಯರು ಸಿಗಲಿಲ್ಲ ಎಂದು ಹೇಳುವ ಹಾಗಿಲ್ಲ. 1965ರಲ್ಲಿ ಶುರುವಾದ ಡೆಂಟಲ್ ಕಾಲೇಜು ಮಣಿಪಾಲದಲ್ಲಿದೆ. ಮಂಗಳೂರಿನ ಕಡೆ ಹೋದರೆ ಅಲ್ಲಿಯೂ ಕಾಲೇಜುಗಳಿವೆ, ಕ್ಲಿನಿಕ್‌ಗಳು ಬೀದಿಗೊಂದು. ಇಷ್ಟು ವರ್ಷ ಹೋಗದೆ ಇದ್ದದ್ದು ನಾನೇ. ಆ ಫೋಟೊ ಆದ ಮೇಲೆ, 2019ರಿಂದ ಈಚೆಗೆ ಒಂದೊಂದಾಗಿ ಮಾಡಿಸಿಕೊಂಡದ್ದನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ.

ಮೊದಲು ಕ್ಲೀನಿಂಗ್. ಇದನ್ನು ಸೌಂದರ್ಯ ಚಿಕಿತ್ಸೆ ಎಂದು ಯಾರೂ ಕರೆಯುವುದಿಲ್ಲ, ಆದರೆ ಕೊಟ್ಟ ದುಡ್ಡಿಗೆ ಇಷ್ಟು ವ್ಯತ್ಯಾಸ ಬೇರೆ ಯಾವುದರಲ್ಲಿಯೂ ನಾನು ಕಾಣಲಿಲ್ಲ. ಕಾಲೇಜಿನ ಆಸ್ಪತ್ರೆಯಲ್ಲಿ 500 ರೂಪಾಯಿಯೊಳಗೆ ಮುಗಿಯಿತು. ವಿದ್ಯಾರ್ಥಿನಿ ಮಾಡಿದಳು, ಅವಳ ಮೇಡಂ ಬಂದು ತಪಾಸಣೆ ಮಾಡಿದರು, ಅರ್ಧ ದಿನ ರಜೆ ಹಾಕಬೇಕಾಯಿತು, ಅಷ್ಟೇ. ಕೆಳಹಲ್ಲುಗಳ ಹಿಂದಿನ ಕಿಟ್ಟ ಹೋದ ಮೇಲೆ ನಾಲಗೆಗೆ ಯಾರದೋ ಬಾಯಿಯೊಳಗೆ ಬಂದ ಹಾಗೆ ಅನ್ನಿಸಿತು. ಇದ್ದಿಲು, ನಿಂಬೆಹಣ್ಣು ಎಂದು ಮನೆಮದ್ದು ಹೇಳುವವರಿಗೆ ಒಂದು ಮಾತು: ಇದ್ದಿಲು ಮೇಲಿನ ಕಲೆಯನ್ನು ಉಜ್ಜಿ ತೆಗೆಯುತ್ತದೆ, ಜೊತೆಗೆ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರವನ್ನೂ ಸವೆಸುತ್ತದೆ. ನಿಂಬೆಯ ಹುಳಿ ಅದನ್ನು ಕರಗಿಸುತ್ತದೆ. ಎನಾಮಲ್ ಕೂದಲಿನ ಹಾಗೆ ಮತ್ತೆ ಬೆಳೆಯುವ ವಸ್ತುವಲ್ಲ.

ಬಿಳುಪು ಮಾಡಿಸುವುದರಲ್ಲಿ ಎರಡು ಬಗೆ, ಎರಡನ್ನೂ ಮಾಡಿಸಿದ್ದೇನೆ. ಮೊದಲನೆಯದು ಮಂಗಳೂರಿನ ಒಂದು ಕ್ಲಿನಿಕ್‌ನಲ್ಲಿ, ಕುರ್ಚಿಯಲ್ಲಿ ಕೂತಲ್ಲೇ. ಒಸಡಿಗೆ ತಾಗದಂತೆ ರಬ್ಬರಿನಂಥ ಪಟ್ಟಿ ಕಟ್ಟಿ, ಶೇಕಡಾ 35ರ ಹೈಡ್ರೋಜನ್ ಪೆರಾಕ್ಸೈಡ್ ಜೆಲ್ಲನ್ನು ಹದಿನೈದು ನಿಮಿಷದಂತೆ ಮೂರು ಸಲ ಹಚ್ಚಿದರು. 9,000 ರೂಪಾಯಿ. ಕನ್ನಡಿ ಕೊಟ್ಟಾಗ ನಂಬಲಾಗಲಿಲ್ಲ, ಅಷ್ಟು ಬಿಳಿ. ಆದರೆ ಆ ಬಿಳುಪಿನಲ್ಲಿ ಒಂದಂಶ ಹಲ್ಲು ಒಣಗಿದ್ದರಿಂದ ಬಂದದ್ದು, ಎಂಜಲು ತಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೇಳದ ಇನ್ನೊಂದು ಸಂಗತಿ ಆ ರಾತ್ರಿಯ ನೋವು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರಿಗೆ ಬರುತ್ತಿದ್ದೆ. ಮೂಲ್ಕಿ ದಾಟುವಾಗ ಬಾಯಿಗೆ ಗಾಳಿ ಹೊಕ್ಕದ್ದೇ ತಡ, ಹಲ್ಲಿನಿಂದ ಕಿವಿಯವರೆಗೆ ಕರೆಂಟು ಹೊಡೆದ ಹಾಗಾಯಿತು. ಪಡುಬಿದ್ರಿಯಿಂದ ಉಡುಪಿಯವರೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಬಂದೆ. ಎರಡು ದಿನದಲ್ಲಿ ಕಡಿಮೆಯಾಯಿತು. ಬಣ್ಣವೂ ಏಳೆಂಟು ತಿಂಗಳಲ್ಲಿ ಮುಕ್ಕಾಲು ಪಾಲು ಹಿಂದಕ್ಕೆ ಹೋಯಿತು.

ಎರಡನೆಯದು 2021ರಲ್ಲಿ, ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದ ಕಾಲದಲ್ಲಿ. ಈ ಸಲ ಉಡುಪಿಯ ವೈದ್ಯೆ ಹಲ್ಲಿನ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಕೂರುವ ತೆಳು ಪ್ಲಾಸ್ಟಿಕ್ ಟ್ರೇ ಮಾಡಿಸಿಕೊಟ್ಟರು. ಪ್ರತಿ ಹಲ್ಲಿನ ಜಾಗಕ್ಕೆ ಅಕ್ಕಿಕಾಳಿನಷ್ಟು ಜೆಲ್ ಹಾಕಿಕೊಂಡು ಮಲಗಬೇಕು, ಹದಿನಾಲ್ಕು ರಾತ್ರಿ. ಜೆಲ್ ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್. ಅದು ಒಡೆದಾಗ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇಕಡಾ 3.5 ಮಾತ್ರ. ಮಂಗಳೂರಿನದರ ಹತ್ತನೆಯ ಒಂದು ಪಾಲು. ಖರ್ಚು 5,500. ಮೂರನೆಯ ರಾತ್ರಿ ಸ್ವಲ್ಪ ಜುಮ್ಮೆಂದಾಗ ಒಂದು ರಾತ್ರಿ ಬಿಟ್ಟು ಮುಂದುವರಿಸಿದೆ. ತೊಂದರೆ ಹಲ್ಲಿಗಿಂತ ಅಡುಗೆಮನೆಗೇ ಹೆಚ್ಚು. ಎರಡು ವಾರ ಬಣ್ಣದ ಪದಾರ್ಥ ತಿನ್ನಬಾರದು ಎಂದರೆ ನಮ್ಮ ಕಡೆಯವರು ತಿನ್ನುವುದಾದರೂ ಏನು? ಬಂಗುಡೆ ಸಾರು ಇಲ್ಲ, ಪುನರ್ಪುಳಿ ಇಲ್ಲ, ಕಾಫಿ ಇಲ್ಲ. ನೀರುದೋಸೆಗೆ ಕಾಯಿಚಟ್ನಿ, ಗಂಜಿಗೆ ಉಪ್ಪು ಮಜ್ಜಿಗೆ. "ಬಾಣಂತಿಯೂ ಇಷ್ಟು ಪಥ್ಯ ಮಾಡುವುದಿಲ್ಲ" ಎಂದು ಅತ್ತೆ ನಕ್ಕರು.

ನನ್ನ ಮಟ್ಟಿಗೆ ಮನೆಯ ಟ್ರೇಯೇ ಮೇಲು. ನಿಧಾನ ನಿಜ. ಆದರೆ ಆ ಟ್ರೇ ಇವತ್ತಿಗೂ ಡಬ್ಬಿಯಲ್ಲಿದೆ. ವರ್ಷಕ್ಕೊಮ್ಮೆ ಒಂದು ಸಿರಿಂಜ್ ಜೆಲ್ ತಂದು ಮೂರು ನಾಲ್ಕು ರಾತ್ರಿ ಹಾಕಿಕೊಂಡರೆ ಬಣ್ಣ ಮತ್ತೆ ಬರುತ್ತದೆ. ಮುಂದಿನ ವಾರವೇ ಮದುವೆ ಇದ್ದವರು ಕುರ್ಚಿಯದನ್ನು ಮಾಡಿಸಿಕೊಳ್ಳಲಿ. ಎರಡಕ್ಕೂ ಒಂದು ಮಿತಿಯಿದೆ: ಕ್ಯಾಪ್, ಫಿಲ್ಲಿಂಗ್ ಇವು ಬಿಳಿಯಾಗುವುದಿಲ್ಲ. ಮುರಿದ ತುದಿಯಂತೂ ಬೆಳೆಯುವುದಿಲ್ಲ.

ಆ ತುದಿಗಾಗಿ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ರಾಳವನ್ನು ಅಂಟಿಸಿ ತುದಿ ಕಟ್ಟುವುದು. ಬಿಳುಪು ಮುಗಿದ ಮೇಲೆ ಎರಡು ವಾರ ಕಾಯಿಸಿದರು. ಹಲ್ಲಿನಲ್ಲಿ ಉಳಿದ ಆಮ್ಲಜನಕ ಅಂಟನ್ನು ಗಟ್ಟಿಯಾಗಲು ಬಿಡುವುದಿಲ್ಲವಂತೆ. ಅರಿವಳಿಕೆ ಬೇಕಾಗಲಿಲ್ಲ. ಹಲ್ಲು ಒಣಗುವ ಮೊದಲೇ ಬಣ್ಣದ ಪಟ್ಟಿ ಹಿಡಿದು ನೋಡಿದರು. ಮುರಿದ ಅಂಚಿಗೆ ನೀಲಿ ಬಣ್ಣದ ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ ಅರ್ಧ ನಿಮಿಷದೊಳಗೆ ತೊಳೆದರು. ತೊಳೆದ ಜಾಗ ಸೀಮೆಸುಣ್ಣದ ಹಾಗೆ ಬೆಳ್ಳಗೆ, ಹೊಳಪಿಲ್ಲದೆ ಕಾಣಿಸಿತು. ಆ ಒರಟು ಮೈಯೇ ಅಂಟಿಗೆ ಹಿಡಿತ. ಈ ಹಿಡಿತ ಗೊತ್ತಿಲ್ಲದ ಕಾಲದಲ್ಲಿ ಹಾಲಿವುಡ್ ನಟರ ಹಲ್ಲುಗಳಿಗೆ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ ಹೊದಿಸುತ್ತಿದ್ದ ತೆಳು ಹೊದಿಕೆ ಚಿತ್ರೀಕರಣ ಮುಗಿಯುವವರೆಗೆ ನಿಂತರೆ ಸಾಕಿತ್ತು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬ ದಂತ ಸಂಶೋಧಕ ಈ ಆಮ್ಲದ ಉಪಾಯವನ್ನು ಪ್ರಕಟಿಸಿದ ಮೇಲೆಯೇ ಹಲ್ಲಿಗೆ ಅಂಟಿಸಿದ್ದು ಹಲ್ಲಿನಲ್ಲೇ ಉಳಿಯುವ ದಾರಿ ತೆರೆದುಕೊಂಡದ್ದು.

ಆಮೇಲಿನದು ಮೂರ್ತಿ ಮಾಡುವವರ ಕೆಲಸ. ಮೇಣದಂಥ ಪದಾರ್ಥವನ್ನು ಪದರ ಪದರವಾಗಿ ಇಟ್ಟು, ತಿದ್ದಿ, ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿದು ಗಟ್ಟಿ ಮಾಡುವುದು. ಕೊನೆಗೆ "ಐವತ್ತೊಂದರಿಂದ ಎಣಿಸಿ" ಎಂದರು. ದಿನವಿಡೀ ನೋಟು ಎಣಿಸುವವಳಿಗೆ ಅದೇನು ಕಷ್ಟ? ಇಂಗ್ಲಿಷಿನಲ್ಲಿಯೂ ಎಣಿಸಿಸಿದರು. "ಫ" "ವ" ಹೇಳುವಾಗ ಮೇಲಿನ ಬಾಚಿಹಲ್ಲಿನ ಅಂಚು ಕೆಳತುಟಿಗೆ ತಾಗಬೇಕು, ಉದ್ದ ಸರಿಯಿದೆಯೇ ಎಂದು ಅದರಿಂದ ತಿಳಿಯುತ್ತದೆ. ಮೂವತ್ತು ವರ್ಷ ಗಾಳಿ ಸೋರುತ್ತಿದ್ದ ಫಿಫ್ಟಿ ಅವತ್ತು ಸರಿಯಾಗಿ ಬಾಯಿಂದ ಹೊರಟಿತು. ಎರಡು ಹಲ್ಲು, ಒಂದೂವರೆ ಗಂಟೆ, 5,000 ರೂಪಾಯಿ.

ಮೂರು ವರ್ಷ ಚೆನ್ನಾಗಿಯೇ ಇತ್ತು. ಹೊಳಪು ಸ್ವಲ್ಪ ಮಾಸಿತು, ಸೇರಿಸಿದ ಗೆರೆಯಲ್ಲಿ ಕಾಫಿಯ ಕಂದು ಎಳೆ ಮೂಡಿತು; ಪಾಲಿಶ್ ಮಾಡಿಸಿದಾಗ ಹೋಯಿತು. ಆಮೇಲೆ 2024ರ ಒಂದು ಭಾನುವಾರ ಮಲ್ಪೆಯಿಂದ ಏಡಿ ಬಂತು. ಕೊಂಬನ್ನು ಹಲ್ಲಿನಿಂದಲೇ ಒಡೆದೆ. ಟಕ್ ಎಂದಿತು, ಒಡೆದದ್ದು ಕೊಂಬಲ್ಲ. ತಟ್ಟೆಯ ಅಂಚಿನಲ್ಲಿದ್ದ ಚಿಪ್ಪಿನ ಚೂರುಗಳ ನಡುವೆ ನನ್ನ ಬಲ ಬಾಚಿಹಲ್ಲಿನ ತುದಿಯನ್ನು ಹುಡುಕಿದ್ದು ನೆನೆದರೆ ಈಗಲೂ ನಗು ಬರುತ್ತದೆ.

ಎಡಗಡೆಯದಕ್ಕೆ ಏನೂ ಆಗಿರಲಿಲ್ಲ. ಬಲಗಡೆಯದು ಮಾತ್ರ ದೊಡ್ಡ ತುಂಡು, ಇನ್ನೊಮ್ಮೆ ಕಟ್ಟಿದರೂ ಹೀಗೆಯೇ ಹೋಗಬಹುದು, ವಿನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ಪಿಂಗಾಣಿಯ ತೆಳು ಪದರ, ಹಾಕೋಣ ಎಂದರು ವೈದ್ಯೆ. ಇನ್ನೊಂದು ಕಡೆ ಕೇಳಿದ್ದಕ್ಕೆ, ಹಾಕುವುದಾದರೆ ಎಂಟು ಹಲ್ಲಿಗೂ ಹಾಕಿ, ಸಿನಿಮಾ ನಟಿಯ ಹಾಗೆ ಕಾಣುತ್ತೀರಿ ಎಂದರು. ಎಂಟು ಹಲ್ಲಿಗೆ 96,000. ಸೊಸೈಟಿಯ ಕೌಂಟರಿನಲ್ಲಿ ಸಿನಿಮಾ ನಟಿಗೆ ಏನು ಕೆಲಸ? ಅದಕ್ಕಿಂತಲೂ, ಗಟ್ಟಿಯಾಗಿರುವ ಆರು ಹಲ್ಲುಗಳನ್ನು ಉಜ್ಜಿ ತೆಗೆಯುವುದಕ್ಕೆ ಮನಸ್ಸು ಒಪ್ಪಲಿಲ್ಲ.

ವಿನೀರ್‌ನ ಗುಟ್ಟು ಅದರಲ್ಲೇ ಇರುವುದು. ಕಾಂಪೋಸಿಟ್‌ಗೆ ನನ್ನ ಹಲ್ಲನ್ನು ಹೆಚ್ಚುಕಡಿಮೆ ಮುಟ್ಟಿರಲಿಲ್ಲ. ಇದಕ್ಕೆ ಮುಂಭಾಗದ ಎನಾಮಲ್ಲನ್ನು ಅರ್ಧ ಮಿಲಿಮೀಟರಿನಷ್ಟು ಉಜ್ಜಿದರು, ನಮ್ಮ ಉಗುರಿನಷ್ಟು ದಪ್ಪ. ಉಗುರಿನಷ್ಟೇ ಅಲ್ಲವೇ ಎಂದು ಕೇಳಲು ಹಗುರ. ಆದರೆ ಅಲ್ಲಿಂದ ಹಿಂದಕ್ಕೆ ದಾರಿಯಿಲ್ಲ, ಇನ್ನು ಬದುಕಿರುವಷ್ಟು ದಿನ ಆ ಹಲ್ಲಿನ ಮೇಲೆ ಏನಾದರೊಂದು ಹೊದಿಕೆ ಇರಲೇಬೇಕು. ಅಚ್ಚು ಲ್ಯಾಬಿಗೆ ಹೋಗಿ ಲಿಥಿಯಂ ಡೈಸಿಲಿಕೇಟ್ ಎಂಬ ಪಿಂಗಾಣಿಯ ಪದರ ಬರುವವರೆಗೆ ಒಂದು ವಾರ ತಾತ್ಕಾಲಿಕ ಹಲ್ಲು. ಮೂರನೆಯ ದಿನ ಹಲಸಿನ ಹಪ್ಪಳ ಕಚ್ಚಿದಾಗ ಅದು ಕಿತ್ತು ಬಂತು. ಹಳೆಯ ಮಾಸ್ಕ್ ಹುಡುಕಿ ಹಾಕಿಕೊಂಡು, ನೆಗಡಿ ಎಂದು ಸುಳ್ಳು ಹೇಳಿ ಕೌಂಟರಿನಲ್ಲಿ ಕೂತೆ. 12,000 ರೂಪಾಯಿ ಆ ಒಂದೇ ಹಲ್ಲಿಗೆ.

ಚಂದ ಯಾವುದು ಎಂದರೆ ವಿನೀರೇ, ಅನುಮಾನವೇ ಬೇಡ. ಬೆಳಕು ಅದರೊಳಗೆ ಒಂದಿಷ್ಟು ಇಳಿದು ಹೊರಬರುತ್ತದೆ, ನಿಜವಾದ ಹಲ್ಲಿನ ಹಾಗೆಯೇ. ಪುನರ್ಪುಳಿ, ಅರಿಶಿನ ಯಾವುದೂ ಅಂಟುವುದಿಲ್ಲ. ಎಡಗಡೆಯ ಕಾಂಪೋಸಿಟ್ ಅದರ ಪಕ್ಕದಲ್ಲಿ ಸ್ವಲ್ಪ ಮಂಕು. ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ ಬಣ್ಣ. ಬೆಳಗ್ಗಿನ ಬಿಸಿಲಿನಲ್ಲಿ ತೆಗೆದ ಫೋಟೊವನ್ನು ಹಿಗ್ಗಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹಾಗೆ ಹಿಗ್ಗಿಸಿ ನೋಡುವವಳು ನಾನೊಬ್ಬಳೇ ಇರಬೇಕು. ಆದರೆ ವಿನೀರ್ ಒಡೆದರೆ ಮತ್ತೆ ಲ್ಯಾಬ್, ಮತ್ತೆ 12,000. ಕಾಂಪೋಸಿಟ್ ಒಡೆದರೆ ಅದೇ ದಿನ ಸಂಜೆ ಆಫೀಸು ಬಿಟ್ಟು ಹೋಗಿ ಕಟ್ಟಿಸಿಕೊಂಡು ಬರಬಹುದು. ಸಣ್ಣ ಮುರುಕು, ಹಲ್ಲುಗಳ ನಡುವಿನ ಸಣ್ಣ ಸಂದು ಇಷ್ಟೇ ಇದ್ದವರು ನೇರವಾಗಿ ವಿನೀರ್‌ಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಹಲ್ಲು ಸೊಟ್ಟ ಇದ್ದವರ ದಾರಿ ಬೇರೆ: ಅಣ್ಣನ ಮಗಳು ಒಂದೂವರೆ ವರ್ಷ ಕ್ಲಿಪ್ ಹಾಕಿಕೊಂಡಳು, ಈಗ ಅವಳ ಸಾಲು ನೋಡಿದರೆ ನನಗೇ ಹೊಟ್ಟೆಕಿಚ್ಚು.

ಮೊನ್ನೆ ತಪಾಸಣೆಗೆ ಹೋದಾಗ ವೈದ್ಯೆ, "ಎಡಗಡೆಯದಕ್ಕೂ ವಿನೀರ್ ಹಾಕಿದರೆ ಜೋಡಿ ಒಂದೇ ಆಗುತ್ತದೆ" ಎಂದರು. ಬೇಡ, ಪಾಲಿಶ್ ಸಾಕು ಎಂದೆ. ಏಡಿ ಬಿಟ್ಟಿಲ್ಲ. ಅಮ್ಮ ಎಲೆಅಡಿಕೆ ಜಜ್ಜುತ್ತಿದ್ದ ಕುಟ್ಟಾಣಿಯನ್ನು ಅಟ್ಟದಿಂದ ಇಳಿಸಿ ತೊಳೆದು ಊಟದ ಮೇಜಿನ ಮೇಲೆ ಇಟ್ಟಿದ್ದೇನೆ.