ಪೆನ್ಸಿಲ್‌ನಲ್ಲಿ ಬರೆದ ಕಿಲೋಗಳು: ಕಾರ್ಬನ್ ತೆಗೆಸುವ ಚಂದಾ, ನಾಲ್ಕು ವರ್ಷದ ಬಳಕೆಯ ನಂತರ

“ನೀವು ಈವರೆಗೆ ತೆಗೆಸಿದ ಕಾರ್ಬನ್ ಡೈಆಕ್ಸೈಡ್: 214 ಕೆಜಿ.”

ಆ್ಯಪ್‌ನ ಮೊದಲ ಪುಟದಲ್ಲಿ, ಹಸಿರು ಎಲೆಯ ಚಿತ್ರದ ಪಕ್ಕ, ದಪ್ಪ ಅಕ್ಷರದಲ್ಲಿ ಹೀಗೆ ಬರೆದಿತ್ತು. ನಾನು ಚಂದಾ ಶುರು ಮಾಡಿ ಆಗ ಒಂಬತ್ತು ತಿಂಗಳು. ಓದಿ ಖುಷಿಪಟ್ಟೆ, ನಂಬಿದೆ. ನನ್ನ ಬಿಲ್‌ಗಳ ಕೆಳಗೆ ಅದೇ ಮಾತನ್ನು ಅಚ್ಚು ಹಾಕಿಸಿಕೊಂಡೆ. ಆದರೆ ಆ ದಿನದ ಮಟ್ಟಿಗೆ ಗಾಳಿಯಿಂದ ನಿಜವಾಗಿ ತೆಗೆದಿದ್ದು ಸೊನ್ನೆ ಕೆಜಿ.

ಸೇವೆಯ ಹೆಸರು ಇಲ್ಲಿ ಹಾಕುತ್ತಿಲ್ಲ. ತಪ್ಪಿನಲ್ಲಿ ಅರ್ಧ ಭಾಗವನ್ನು ಅವರು ತಿದ್ದಿಕೊಂಡಿದ್ದಾರೆ. ಜೊತೆಗೆ ಇದೇ ತಪ್ಪನ್ನು ಮಾಡುವ ಬೇರೆ ಆ್ಯಪ್‌ಗಳನ್ನೂ ನೋಡಿದ್ದೇನೆ. ನೀವು ಯಾವುದಕ್ಕೆ ಸೇರಿದರೂ ಈ ಮಾತು ಉಪಯೋಗಕ್ಕೆ ಬರುತ್ತದೆ.

ನಾನು ಒಬ್ಬಳೇ ಪುಟವಿನ್ಯಾಸದ ಸಣ್ಣ ಕೆಲಸ ನಡೆಸುತ್ತೇನೆ. ಬಂದ ಹಣದಲ್ಲಿ ಶೇಕಡಾ 1ರಷ್ಟನ್ನು ಈ ಚಂದಾಕ್ಕೆ ಕೊಡುತ್ತೇನೆ. ಅದಕ್ಕಿಂತ ಜಾಸ್ತಿ ನನ್ನಿಂದ ಆಗುವುದಿಲ್ಲ. ಆ ಹಣಕ್ಕೆ ತಿಂಗಳಿಗೆ ಸುಮಾರು 24 ಕೆಜಿ ಕಾರ್ಬನ್ ಡೈಆಕ್ಸೈಡ್ ತೆಗೆಯುವ ಆರ್ಡರ್ ಆಗುತ್ತದೆ. ಹತ್ತು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಅಷ್ಟೇ ಹೊರಬರುತ್ತದೆ. ಸೇವೆಯವರು ನನ್ನಂಥ ಸಣ್ಣವರ ದುಡ್ಡನ್ನೆಲ್ಲ ಒಟ್ಟು ಮಾಡುತ್ತಾರೆ. ಅದನ್ನು ದೊಡ್ಡ ಕಂಪನಿಗಳ ಖರೀದಿಯ ಜೊತೆ ಸೇರಿಸಿ, ಕಾರ್ಬನ್ ತೆಗೆಯುವ ಘಟಕಗಳಿಗೆ ಆರ್ಡರ್ ಕೊಡುತ್ತಾರೆ. ಪ್ಲಾನ್‌ಗಳ ವಿವರ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ.

ಸುಳ್ಳು ಸಿಕ್ಕಿಬಿದ್ದದ್ದು ಒಬ್ಬ ಹಳೇ ಗ್ರಾಹಕರಿಂದ. ಬಿಲ್ ನೋಡಿ ಎರಡೇ ಪ್ರಶ್ನೆ ಬರೆದಿದ್ದರು: “ಎಲ್ಲಿ ತೆಗೆದರು? ಯಾವಾಗ?” ಒಳ್ಳೆಯ ಪ್ರಶ್ನೆ, ಅಲ್ವಾ? ಉತ್ತರ ಹುಡುಕುತ್ತಾ ಆ್ಯಪ್‌ನಲ್ಲಿ ಒಂದೊಂದೇ ಪುಟ ಒಳಗೆ ಹೋದೆ. ಮೂರನೇ ಪುಟದ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇದ್ದವು. ಒಪ್ಪಂದವಾದ ಪ್ರಮಾಣ 214. ತಲುಪಿದ ಪ್ರಮಾಣ 0.

ನನಗೆ ಕೈಕಾಲು ತಣ್ಣಗಾಯಿತು. ಅಷ್ಟರಲ್ಲಿ 31 ಬಿಲ್ ಹೋಗಿತ್ತು. ಅಷ್ಟೂ ಜನಕ್ಕೆ ಒಬ್ಬೊಬ್ಬರಿಗೇ ಬರೆದೆ: “ತೆಗೆಸಿದ್ದೇನೆ ಎಂದು ಬರೆದಿದ್ದು ತಪ್ಪು. ತೆಗೆಯಲು ಆರ್ಡರ್ ಕೊಟ್ಟಿದ್ದೇನೆ, ಅಷ್ಟೇ.” ಕೆಲವರು ಪರವಾಗಿಲ್ಲ ಅಂದರು. ಹಲವರು ಉತ್ತರವನ್ನೇ ಕೊಡಲಿಲ್ಲ. ನನ್ನ ಮಾತಿನ ಮೇಲೆ ಜನ ಕೆಲಸ ಕೊಡುತ್ತಾರೆ. ಆ ಮಾತನ್ನು ಒಂದು ಹಸಿರು ಎಲೆಯ ಚಿತ್ರ ಹಾಳು ಮಾಡಿತ್ತು.

ಅವತ್ತು ಸಂಜೆ ಚಂದಾ ನಿಲ್ಲಿಸುವ ಬಟನ್ ತನಕ ಹೋಗಿದ್ದೆ. ನಿಲ್ಲಿಸುವ ಮುಂಚೆ ಒಂದು ದೂರು ಬರೆದೆ. ಮೊದಲು ಬಂದದ್ದು “ನಿಮ್ಮ ಕಾಳಜಿಗೆ ಧನ್ಯವಾದ” ಅನ್ನುವ ಸಿದ್ಧ ಉತ್ತರ. ನಾಲ್ಕು ದಿನ ಬಿಟ್ಟು ಇನ್ನೊಂದು ಬಂತು, ಉದ್ದದ್ದು. ಯಾರೋ ಕೂತು ಯೋಚನೆ ಮಾಡಿ ಬರೆದದ್ದು ಅಂತ ಓದಿದರೇ ಗೊತ್ತಾಗುತ್ತಿತ್ತು. ನಾನು ಈ ಚಂದಾದಲ್ಲಿ ಉಳಿದಿದ್ದು ಆ ಪತ್ರದಿಂದ.

ಅದರಲ್ಲಿದ್ದ ವಿಷಯ ಇದು. ಆರ್ಡರ್‌ನಲ್ಲಿ ಎರಡು ಬಗೆ. ಒಂದರಲ್ಲಿ ದುಡ್ಡು ಮೊದಲೇ ಕೊಡುತ್ತಾರೆ. ಇನ್ನೂ ಪ್ರಯೋಗದ ಹಂತದಲ್ಲಿರುವ ಚಿಕ್ಕ ಘಟಕಗಳಿಗೆ ಇದು ಬೇಕು. ಕೆಲಸ ಕೈಕೊಟ್ಟರೆ ಆ ದುಡ್ಡು ಹೋದ ಹಾಗೆಯೇ. ಇನ್ನೊಂದರಲ್ಲಿ ಬೆಲೆ ಮತ್ತು ಪ್ರಮಾಣ ಈಗಲೇ ಬರೆದುಕೊಳ್ಳುತ್ತಾರೆ, ದುಡ್ಡು ಮಾತ್ರ ಕಾರ್ಬನ್ ತೆಗೆದು, ಅಳೆದು, ಮೂರನೆಯವರು ನೋಡಿ ಸರಿ ಅಂದ ಮೇಲೆ. ಈ ಎರಡನೇ ಕಾಗದ ಹಿಡಿದುಕೊಂಡು ಘಟಕದವರು ಸಾಲ ಕೇಳಲು ಹೋಗುತ್ತಾರೆ. ಆರ್ಡರ್ ಇಲ್ಲ ಅಂದರೆ ಸಾಲ ಇಲ್ಲ, ಸಾಲ ಇಲ್ಲ ಅಂದರೆ ಘಟಕ ಇಲ್ಲ.

ಬೇರೆ ಸರಕಾದರೆ ಕೊಳ್ಳುವವರು ತಾವಾಗಿ ಬರುತ್ತಾರೆ. ಇಲ್ಲಿ ಕೊಂಡವರ ಕೈಗೆ ಏನೂ ಬರುವುದಿಲ್ಲ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದೇ ಶೇಕಡಾ 0.04ರ ಆಸುಪಾಸು. ಅದರಲ್ಲಿ ಒಂದಿಷ್ಟು ತೆಗೆದರೆ ಲಾಭ ಎಲ್ಲರಿಗೂ, ಖರ್ಚು ಒಬ್ಬರಿಗೆ. ಅದಕ್ಕೇ ಯಾರಾದರೂ ಸೇರಿ “ನೀವು ಮಾಡಿ, ನಾವು ಕೊಳ್ಳುತ್ತೇವೆ” ಅಂತ ಮೊದಲೇ ಮಾತು ಕೊಡಬೇಕು. ಲಸಿಕೆಯಲ್ಲಿ ಇದನ್ನು ಮಾಡಿ ನೋಡಿದ್ದಾರೆ. ನ್ಯುಮೋನಿಯಾದಂಥ ಕಾಯಿಲೆ ತಡೆಯುವ ಮಕ್ಕಳ ನ್ಯುಮೋಕೋಕಲ್ ಲಸಿಕೆಗೆ 2009ರಲ್ಲಿ ಕೆಲವು ದೇಶಗಳು ಮತ್ತು ಗೇಟ್ಸ್ ಫೌಂಡೇಷನ್ ಸೇರಿ 150 ಕೋಟಿ ಡಾಲರ್‌ನ ಮಾತು ಕೊಟ್ಟವು. ಬಡ ದೇಶಗಳಿಗೆ ಲಸಿಕೆ ಮಾಡಿದರೆ ಕೊಳ್ಳುವವರಿದ್ದಾರೆ ಅನ್ನುವ ಧೈರ್ಯ ತಯಾರಕರಿಗೆ ಸಿಕ್ಕಿತು.

ಅದೇ ದಾರಿಯಲ್ಲಿ 2022ರ ಏಪ್ರಿಲ್‌ನಲ್ಲಿ ಸ್ಟ್ರೈಪ್, ಆಲ್ಫಾಬೆಟ್, ಶಾಪಿಫೈ, ಮೆಟಾ, ಮೆಕಿನ್ಸಿ ಕಂಪನಿಗಳು ಸೇರಿ, ಕಾರ್ಬನ್ ತೆಗೆಯುವವರಿಗೆ ಒಟ್ಟಾಗಿ ಆರ್ಡರ್ ಕೊಡುವ ಫ್ರಾಂಟಿಯರ್ ಎಂಬ ಕೂಟ ಶುರು ಮಾಡಿದವು. 2030ರೊಳಗೆ 92.5 ಕೋಟಿ ಡಾಲರ್ ಖರೀದಿ ಅನ್ನುವುದು ಅವರ ಮೊದಲ ಮಾತು. ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಕಾರ್ಬನ್ ಹಿಡಿದಿಡಬೇಕು, ಮುಂದೆ ಟನ್ನಿಗೆ 100 ಡಾಲರ್‌ಗಿಂತ ಕೆಳಗೆ ಬರುವ ದಾರಿ ಕಾಣಬೇಕು ಎಂದು ಶರತ್ತು. 2023ರಲ್ಲಿ ಚಾರ್ಮ್ ಇಂಡಸ್ಟ್ರಿಯಲ್ ಎಂಬ ಕಂಪನಿಯ ಜೊತೆ 5.3 ಕೋಟಿ ಡಾಲರ್‌ನ ಒಪ್ಪಂದ ಆಯಿತು: 2024ರಿಂದ 2030ರ ತನಕ 1,12,000 ಟನ್. ಬೆಳೆ ಉಳಿಕೆಯಿಂದ ಎಣ್ಣೆ ತೆಗೆದು ನೆಲದಾಳಕ್ಕೆ ಇಳಿಸುವ ಕೆಲಸ ಅದು. ನಾನೊಬ್ಬಳೇ ಹೋಗಿ “24 ಕೆಜಿ ಕೊಡಿ” ಅಂದರೆ ಯಾರು ಮಾತಾಡಿಸುತ್ತಾರೆ? ಒಟ್ಟಿಗೆ ಹೋದಾಗ ಒಂದೇ ತಂಡ ಅರ್ಜಿ ಓದುತ್ತದೆ, ಲೆಕ್ಕ ಕೆದಕುತ್ತದೆ, ಬೇಡದ್ದನ್ನು ವಾಪಸ್ ಕಳಿಸುತ್ತದೆ. ಫ್ರಾಂಟಿಯರ್ ತನಗೆ ಬಂದ ಅರ್ಜಿಗಳನ್ನು ಎಲ್ಲರೂ ಓದುವಂತೆ ಹಾಕುತ್ತದೆ. ರಾತ್ರಿ ನಿದ್ದೆ ಬರದಿದ್ದಾಗ ನಾನು ಕೆಲವನ್ನು ಓದಿದ್ದೇನೆ. ಪರಿಣತರು ಕೇಳಿದ ಪ್ರಶ್ನೆಗಳು ಉತ್ತರಗಳಿಗಿಂತ ಚೆನ್ನಾಗಿವೆ.

ಇಷ್ಟು ತಿಳಿದ ಮೇಲೆ ಸಿಟ್ಟು ಇಳಿಯಿತು. 214 ಅನ್ನುವ ಆರ್ಡರ್ ಬೆಲೆಯಿಲ್ಲದ್ದಲ್ಲ. ಅದನ್ನು “ತೆಗೆಸಿದ್ದು” ಎಂದು ಕರೆದದ್ದೇ ತಪ್ಪು.

ಅವತ್ತಿನಿಂದ ಒಂದು ಅಭ್ಯಾಸ ಬಂತು. ತಿಂಗಳ ಕೊನೆಯ ದಿನ ಬಿಲ್ ಕೆಲಸ ಮುಗಿದ ಮೇಲೆ, ಕಂಪ್ಯೂಟರ್ ಮುಚ್ಚಿ, ಗೆರೆ ಹಾಕಿದ ನೋಟ್‌ಬುಕ್ ತೆಗೆಯುತ್ತೇನೆ. ಎಡಗಡೆ ಆರ್ಡರ್, ಬಲಗಡೆ ತಲುಪಿದ್ದು. ಎಡಗಡೆಯದ್ದು ಪೆನ್ಸಿಲ್‌ನಲ್ಲಿ. ಬಲಗಡೆಯದ್ದು ಇಂಕಿನಲ್ಲಿ. ಪ್ರತಿ ಸಾಲಿನ ಮುಂದೆ ಯಾವ ವಿಧಾನ ಅಂತ ಒಂದೇ ಪದ: ಇದ್ದಿಲು, ಬಂಡೆಪುಡಿ, ಗಾಳಿ (ಅಂದರೆ ಯಂತ್ರದಿಂದ ನೇರವಾಗಿ ಗಾಳಿಯಿಂದ ಹೀರುವುದು). ಆ್ಯಪ್‌ನಲ್ಲಿ ನೋಡಬಹುದಿತ್ತಲ್ಲ ಅಂತ ಕೇಳಬಹುದು. ಕೈಯಲ್ಲಿ ಬರೆದಾಗ ಯಾವ ಸಾಲು ಎಷ್ಟು ದಿನದಿಂದ ಕಾಯುತ್ತಿದೆ ಅನ್ನುವುದು ಮನಸ್ಸಿನಲ್ಲಿ ಕೂರುತ್ತದೆ. ಹತ್ತು ನಿಮಿಷದ ಕೆಲಸ. ಇಡೀ ತಿಂಗಳಲ್ಲಿ ನನಗೆ ತುಂಬಾ ಇಷ್ಟವಾದ ಹತ್ತು ನಿಮಿಷ.

ಬಲಗಡೆಯ ಮೊದಲ ಸಾಲು ಬಂದದ್ದು ಹದಿನಾಲ್ಕನೇ ತಿಂಗಳಲ್ಲಿ. ಇದ್ದಿಲು, 38 ಕೆಜಿ. ಜೊತೆಗೆ ಎರಡು ಪುಟದ ಪತ್ರ. ಈ ಸೇವೆಯಲ್ಲಿ ನಾನು ನಿರೀಕ್ಷೆ ಮಾಡದೇ ಸಿಕ್ಕ ಸಂತೋಷ ಆ ಎರಡು ಪುಟ. ಸಸಿ ಬೆಳೆಯುವಾಗ ಗಾಳಿಯಿಂದ ಹೀರಿದ ಕಾರ್ಬನ್, ಅದು ಕೊಳೆತರೆ ಮತ್ತೆ ಗಾಳಿಗೇ ಹೋಗುತ್ತದೆ. ಆಮ್ಲಜನಕ ಇಲ್ಲದ ಕುಲುಮೆಯಲ್ಲಿ ಕಾಯಿಸಿದರೆ ಇದ್ದಿಲಾಗಿ ಮಣ್ಣಲ್ಲಿ ಬಹಳ ಕಾಲ ಉಳಿಯುತ್ತದೆ. ಇದು ಗೊತ್ತಿತ್ತು. ಪತ್ರದಲ್ಲಿ ಇದ್ದದ್ದು ಅದರ ಲೆಕ್ಕ. ಯಾವ ದಿನದ ಕುಲುಮೆ, ಯಾವ ಕಂತು. ಪ್ರಯೋಗಾಲಯದಲ್ಲಿ ಇದ್ದಿಲಿನ ಹೈಡ್ರೋಜನ್ನಿಗೂ ಕಾರ್ಬನ್ನಿಗೂ ಇರುವ ಅನುಪಾತ ಎಷ್ಟು ಬಂತು. ಆ ಅನುಪಾತ ಕಮ್ಮಿ ಇದ್ದಷ್ಟೂ ಇದ್ದಿಲು ಗಟ್ಟಿ, ಅಂದರೆ ಜಾಸ್ತಿ ಕಾಲ ಉಳಿಯುತ್ತದೆ. ಆಮೇಲೆ ಕಳೆಯುವ ಲೆಕ್ಕ: ಸೊಪ್ಪುಸದೆ ಒಣಗಿಸಿದ್ದಕ್ಕೆ ಇಷ್ಟು, ಪುಡಿ ಮಾಡಿದ್ದಕ್ಕೆ ಇಷ್ಟು, ಲಾರಿಯ ಡೀಸೆಲ್‌ಗೆ ಇಷ್ಟು. ಎಲ್ಲ ಕಳೆದು ಉಳಿದದ್ದು ನನ್ನ ಪಾಲಿಗೆ 38.

ಲಾರಿಯ ಡೀಸೆಲ್ ಕೂಡ ಕಳೆದಿದ್ದರು. ಅದನ್ನು ನೋಡಿ ನನಗೆ ನಂಬಿಕೆ ಬಂತು.

ಎಲ್ಲ ಸಾಲೂ ಹೀಗೆ ಬಂದಿಲ್ಲ. ಮೂರನೇ ವರ್ಷ ಒಂದು ಘಟಕ ಬಾಗಿಲು ಹಾಕಿತು. ನನ್ನ ನೋಟ್‌ಬುಕ್‌ನಲ್ಲಿ ಅದರ ಹೆಸರಲ್ಲಿ 96 ಕೆಜಿ ಇತ್ತು. ಅದರಲ್ಲಿ 60 ಕೆಜಿ ತಲುಪಿದ ಮೇಲೆ ದುಡ್ಡು ಕೊಡುವ ಬಗೆಯದ್ದು. ಆ ಹಣ ಹೋಗಿರಲೇ ಇಲ್ಲ, ಬೇರೆ ಘಟಕಕ್ಕೆ ತಿರುಗಿಸಿದರು. ಪೆನ್ಸಿಲ್ ಸಾಲು ಅಳಿಸಿ ಹೊಸದು ಬರೆದೆ. ಉಳಿದ 36 ಕೆಜಿಗೆ ಮೊದಲೇ ಕೊಟ್ಟಾಗಿತ್ತು. ಅದನ್ನು ಅಳಿಸಲಿಲ್ಲ. ಅಡ್ಡಗೆರೆ ಎಳೆದು ಪಕ್ಕದಲ್ಲಿ “ಹೋಯಿತು” ಎಂದು ಬರೆದೆ. ಬೇಜಾರಾಯಿತು, ಮೋಸ ಅನ್ನಿಸಲಿಲ್ಲ. ಈ ಸಲ ಅವರೇ ಮೊದಲು ಬರೆದು ತಿಳಿಸಿದ್ದರು, ಎಷ್ಟು ಹೋಯಿತು ಅಂತ ಅಂಕಿ ಸಮೇತ.

ಹೆಸರು ಮಾಡಿದವರಿಗೂ ಹೀಗಾಗಿದೆ. ಸಮುದ್ರದಲ್ಲಿ ಕಾರ್ಬನ್ ಮುಳುಗಿಸುವ ಕೆಲಸ ಮಾಡುತ್ತಿದ್ದ ರನ್ನಿಂಗ್ ಟೈಡ್ 2024ರಲ್ಲಿ ಮುಚ್ಚಿತು. ಕೊಳ್ಳುವವರು ಸಾಲದು ಅನ್ನುವುದೇ ಅವರು ಕೊಟ್ಟ ಕಾರಣ. ನನ್ನ ದೊಡ್ಡ ಚಿಂತೆಯೂ ಇದೇ. ದೀರ್ಘಕಾಲ ಉಳಿಯುವ ಕಾರ್ಬನ್ ತೆಗೆಯುವಿಕೆಯಲ್ಲಿ ಈವರೆಗಿನ ಬಹುಪಾಲು ಖರೀದಿ ಮೈಕ್ರೋಸಾಫ್ಟ್ ಒಂದರದ್ದೇ. ಒಂದೇ ಕಂಬದ ಮೇಲೆ ಚಪ್ಪರ ನಿಂತಿದೆ. ಆ ಕಂಬ ಸ್ವಲ್ಪ ಸರಿದರೂ ಎಷ್ಟು ಘಟಕಗಳು ಬೀಳಬಹುದು! ವಿಮಾನ, ಸಿಮೆಂಟ್, ಉಕ್ಕು, ಹಡಗು ಇಂಥ ಉದ್ಯಮಗಳು ಒಟ್ಟಾಗಿ ಬರಬೇಕು. ಎಷ್ಟೇ ಕಷ್ಟಪಟ್ಟರೂ ಅವರ ಹೊಗೆ ಪೂರ್ತಿ ನಿಲ್ಲುವುದು ಕಷ್ಟ. ಉಳಿಯುವ ಆ ಪಾಲಿಗೆ ಕಾರ್ಬನ್ ತೆಗೆಯುವುದು ಅನಿವಾರ್ಯ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2022ರ ವರದಿಯಲ್ಲೇ ಹೇಳಿದೆ. ಹಾಗಂತ ಇದು ಹೊಗೆ ಬಿಡಲು ಲೈಸೆನ್ಸ್ ಅಲ್ಲ. ಮೊದಲು ಕಮ್ಮಿ ಮಾಡಬೇಕು, ಉಳಿದದ್ದಕ್ಕೆ ಇದು.

ಇನ್ನೂ ಸರಿಯಾಗದ ವಿಷಯಗಳಿವೆ. ಮೊದಲ ಪುಟದಲ್ಲಿ ಈಗ ಎರಡು ಅಂಕಿ ಬಂದಿವೆ, ಒಳ್ಳೆಯದು. ಆದರೆ ದೊಡ್ಡ ಅಕ್ಷರ ಇನ್ನೂ ಆರ್ಡರ್‌ಗೇ. ತಡವಾದಾಗ ಯಾಕೆ ತಡ ಅಂತ ತಾವಾಗಿ ಹೇಳುವುದಿಲ್ಲ, ಕೇಳಬೇಕು. ನನ್ನ ಬಂಡೆಪುಡಿ ಸಾಲು ಎರಡು ವರ್ಷಕ್ಕಿಂತ ಜಾಸ್ತಿ ಸುಮ್ನೆ ಕೂತಿತ್ತು. ಕೇಳಿದ ಮೇಲೆ ಕಾರಣ ಬಂತು, ಸರಿಯಾದದ್ದೇ. ಬಸಾಲ್ಟ್ ಪುಡಿಯನ್ನು ಹೊಲಕ್ಕೆ ಹಾಕುತ್ತಾರೆ. ಮಳೆನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಅದರ ಜೊತೆ ಸೇರಿ ಬೈಕಾರ್ಬೊನೇಟ್ ಆಗಿ ನಿಧಾನಕ್ಕೆ ನದಿ, ಸಮುದ್ರ ಸೇರುತ್ತದೆ. ಮತ್ತೆ ಮತ್ತೆ ಮಣ್ಣಿನ ಮಾದರಿ ತೆಗೆದು ನೋಡದೆ ಎಷ್ಟಾಯಿತು ಅಂತ ಯಾರೂ ಹೇಳಲಾರರು. ಇದೇ ವಿಧಾನದಲ್ಲಿ ಸಣ್ಣ ರೈತರ ಜೊತೆ ಕೆಲಸ ಮಾಡುವ ಮಾಟಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ ಎಕ್ಸ್‌ಪ್ರೈಜ್ ಎಂಬ ಸ್ಪರ್ಧೆಯ 5 ಕೋಟಿ ಡಾಲರ್ ಬಹುಮಾನ ಬಂತು. ಇಷ್ಟು ಚೆಂದದ ಕಾರಣವನ್ನು ಬಚ್ಚಿಡುವುದು ಯಾಕೆ?

ನಾಲ್ಕು ವರ್ಷದ ಲೆಕ್ಕ ಹೀಗಿದೆ. ಆರ್ಡರ್ ಆದದ್ದು 1,140 ಕೆಜಿ. ತಲುಪಿದ್ದು 263. ನಾಲ್ಕನೇ ಒಂದು ಪಾಲೂ ಪೂರ್ತಿ ಬಂದಿಲ್ಲ. ಬೇಗ ಫಲ ಕಾಣಬೇಕು ಅನ್ನುವವರಿಗೆ, ಬಿಲ್ ಮೇಲೆ ಹಸಿರು ಮಾತು ಹಾಕಿಕೊಳ್ಳಬೇಕು ಅನ್ನುವವರಿಗೆ ಈ ಚಂದಾ ಬೇಡ ಅಂತಲೇ ಹೇಳುತ್ತೇನೆ. ಘಟಕ ಕಟ್ಟುವವರ ಕೈಗೆ ಒಂದು ಆರ್ಡರ್ ಕಾಗದ ಕೊಟ್ಟು ಕಾಯಬಲ್ಲೆ ಅನ್ನುವವರು ಖಂಡಿತ ಸೇರಿ. ಸೇರಿದ ಮೊದಲ ದಿನವೇ ಕೇಳಿ: ನನ್ನ ದುಡ್ಡಿನಲ್ಲಿ ಎಷ್ಟು ಭಾಗ ಮೊದಲೇ ಹೋಗುತ್ತೆ, ಎಷ್ಟು ಭಾಗ ತಲುಪಿದ ಮೇಲೆ? ನಾನು ಶೇಕಡಾ 1ನ್ನೇ ಮುಂದುವರಿಸುತ್ತಿದ್ದೇನೆ. ಬಿಲ್ ಕೆಳಗೆ ಈಗ ಏನೂ ಬರೆಯುವುದಿಲ್ಲ.

ಕಳೆದ ತಿಂಗಳ ಕೊನೆಯ ದಿನ ಬಂಡೆಪುಡಿಯ ಮೊದಲ ಕಂತು ಬಂತು, 19 ಕೆಜಿ. ಮಣ್ಣಿನ ಮಾದರಿ ಯಾವ ಯಾವ ದಿನ ತೆಗೆದರು ಅಂತ ಪತ್ರದಲ್ಲಿ ಸಾಲಾಗಿ ಇತ್ತು. ಬಲಗಡೆ ಇಂಕಿನಲ್ಲಿ ಬರೆದೆ. ಒಣಗುವ ತನಕ ಪುಟ ಮುಚ್ಚದೆ ಹಾಗೇ ಬಿಟ್ಟೆ.